ಬಝರ್ ಆದ ಮೇಲಿನ ಹತ್ತು ನಿಮಿಷ

2018ರ ಮಾರ್ಚ್ 16ರ ರಾತ್ರಿ ನಾನು ಕಳಿಸಿದ ಒಂದು ಮೆಸೇಜು ಇವತ್ತಿಗೂ ಚುಚ್ಚುತ್ತದೆ. ಅದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತು, ಹಾಗೇ ಎದ್ದು ಹೋಗಿದ್ದೇನೆ. ಮಾರ್ಚ್ ತಿಂಗಳು ಬಂದಾಗಲೆಲ್ಲ, ಟಿವಿಯಲ್ಲಿ ಯಾವುದೋ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗ ಸೋತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಾಗಲೆಲ್ಲ, ಅದು ನೆನಪಾಗುತ್ತದೆ. ಈ ಸಲ ಬರೆದುಬಿಡುತ್ತೇನೆ.

ಆಗ ನಾನು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಎಂಎಸ್ ಓದುತ್ತಿದ್ದೆ. ಊರು ಷಾರ್ಲಟ್ಸ್‌ವಿಲ್. ಕಾಲೇಜೇ ಊರು, ಊರೇ ಕಾಲೇಜು ಅನ್ನುವಂಥ ಜಾಗ. ದಾವಣಗೆರೆಯಿಂದ ಹೋದ ನನಗೆ ಮೊದಲ ಆರು ತಿಂಗಳು ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಸಿಗಲಿಲ್ಲ. ಬ್ಯಾಸ್ಕೆಟ್‌ಬಾಲ್ ಹಚ್ಚಿಕೊಂಡ ಮೇಲೆ ಎಲ್ಲರೂ ಸಿಕ್ಕರು. ಬಸ್ ಡ್ರೈವರ್, ಲ್ಯಾಬಿನ ಪ್ರೊಫೆಸರ್, ದಿನಸಿ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದ ಅಜ್ಜಿ, ಎಲ್ಲರಿಗೂ ತಂಡದ ಬಗ್ಗೆ ಹೇಳಲು ಏನಾದರೂ ಇರುತ್ತಿತ್ತು. ಕೇಳ್ತಾ ಕೇಳ್ತಾ ಅದು ನನ್ನ ತಂಡವೂ ಆಯಿತು. ಪರದೇಶದಲ್ಲಿ ಒಂಟಿಯಾಗಿ ಇದ್ದವರಿಗೆ ಇದು ಅರ್ಥ ಆಗುತ್ತದೆ. ಮೊದಲ ಸಲ ಯಾವುದೋ ಒಂದು ವಿಷಯಕ್ಕೆ "ನಾವು" ಅಂದಾಗ ಎಷ್ಟು ಹಾಯೆನಿಸುತ್ತದೆ ಅಂತ.

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದ್ರೆ ಏನು ಅಂತ ನಮ್ಮೂರಲ್ಲಿ ಹೇಳಿದರೆ ಜನ ನಂಬುವುದಿಲ್ಲ. ನಮ್ಮ ಇಂಟರ್ ಕಾಲೇಜು ಮ್ಯಾಚಿಗೆ ಬರುವವರು ಆಡುವವರ ಗೆಳೆಯರು ಮತ್ತು ಒಬ್ಬರು ಪಿಇ ಮೇಷ್ಟ್ರು, ಅಷ್ಟೇ. ಅಲ್ಲಿ ಊರಿಗೆ ಊರೇ ಬರುತ್ತದೆ. ಮಾರ್ಚ್‌ನಲ್ಲಿ ಎನ್‌ಸಿಎಎ, ಅಂದ್ರೆ ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ, ನಡೆಸುವ ಟೂರ್ನಮೆಂಟ್ ಶುರುವಾದರೆ ಆಫೀಸುಗಳಲ್ಲೂ ಅದೇ ಮಾತು. 2018ರಲ್ಲಿ ಒಟ್ಟು 68 ತಂಡ. ಒಂದು ಸಲ ಸೋತರೆ ಮನೆಗೆ. ಅಂದ್ರೆ 67 ಪಂದ್ಯ, 67 ಸೋಲು. ಸೋಲದೆ ಉಳಿಯುವುದು ಒಂದೇ ಒಂದು ತಂಡ. ಹಾಗಾಗಿ ಅಲ್ಲಿಗೆ ಹೋದ ಕೊನೆ ವರ್ಷದ ಹುಡುಗರಲ್ಲಿ ಹೆಚ್ಚು ಕಡಿಮೆ ಎಲ್ಲರ ಕಾಲೇಜು ಆಟವೂ ಮುಗಿಯುವುದು ಸೋಲಿನಲ್ಲೇ. ಅವರಲ್ಲಿ ಮುಂದೆ ವೃತ್ತಿಪರ ಆಟಗಾರರಾಗುವವರು ಕಮ್ಮಿ. ಉಳಿದವರಿಗೆ ಆಟ ಮುಗಿಸುವ ಆ ಬಝರ್ ಆಯಿತು ಅಂದ್ರೆ ಆಯಿತು. ನಾಳೆಯಿಂದ ಆ ಜೆರ್ಸಿ ಇಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಕೋಚ್ ಇಲ್ಲ. ಒಂದೇ ಬಸ್ಸಿನಲ್ಲಿ ಕಾಲು ಚಾಚಿ ಮಲಗುತ್ತಿದ್ದ ಗೆಳೆಯರೂ ಇಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿಗೆ ಇದೆಲ್ಲ ಒಂದೇ ಕ್ಷಣದಲ್ಲಿ ಮುಗಿದುಹೋಗುತ್ತದೆ. ಅದೂ ಕ್ಯಾಮೆರಾ ಮುಂದೆ.

ಆ ವರ್ಷ ವರ್ಜೀನಿಯಾ ತಂಡ ಟೂರ್ನಮೆಂಟಿಗೆ ಹೋಗುವ ಹೊತ್ತಿಗೆ 31 ಗೆದ್ದು 2 ಮಾತ್ರ ಸೋತಿತ್ತು. ದೇಶಕ್ಕೇ ಒಂದನೇ ಸ್ಥಾನ. ಟೂರ್ನಮೆಂಟಿನಲ್ಲಿ ನಾಲ್ಕು ಗುಂಪು; ಪ್ರತಿ ಗುಂಪಿನಲ್ಲೂ ತಂಡಗಳಿಗೆ ಬಲ ನೋಡಿ ಕೊಡುವ ನಂಬರೇ ಸೀಡ್, ಒಂದು ಅಂದ್ರೆ ಎಲ್ಲರಿಗಿಂತ ಮೇಲೆ, 16 ಅಂದ್ರೆ ಕೊನೆ. ನಾವು ಒಂದನೇ ಸೀಡ್. ಮೊದಲ ಪಂದ್ಯ 16ನೇ ಸೀಡ್ ಯುಎಂಬಿಸಿ ಜೊತೆ, ನಾರ್ತ್ ಕ್ಯಾರೊಲೈನಾ ರಾಜ್ಯದ ಷಾರ್ಲಟ್ ನಗರದಲ್ಲಿ. ಯುಎಂಬಿಸಿ ಅಂದ್ರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್. ಅವರ ಚೆಸ್ ತಂಡಕ್ಕೆ ಒಳ್ಳೆ ಹೆಸರು. ಬ್ಯಾಸ್ಕೆಟ್‌ಬಾಲ್ ತಂಡ ಅದೇ ಜನವರಿಯಲ್ಲಿ ಆಲ್ಬನಿ ಎದುರು 44 ಪಾಯಿಂಟ್‌ಗಳಿಂದ ಸೋತಿತ್ತು. 1985ರಿಂದ ಅಲ್ಲಿಯವರೆಗೆ ಪುರುಷರ ಟೂರ್ನಮೆಂಟಿನಲ್ಲಿ 16ನೇ ಸೀಡ್ ತಂಡಗಳು ಒಂದನೇ ಸೀಡ್ ಎದುರು 135 ಸಲ ಆಡಿದ್ದವು. 135 ಸಲವೂ ಸೋತಿದ್ದವು. ಮಹಿಳೆಯರಲ್ಲಿ 1998ರಲ್ಲೇ ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡನ್ನು ಸೋಲಿಸಿ ಅದನ್ನು ಮಾಡಿ ತೋರಿಸಿತ್ತು. ಆದರೆ ಗಂಡಸರ ಆಟದ ಬಗ್ಗೆ ಮಾತಾಡುವವರು ಅದನ್ನು ನೆನೆಸಿಕೊಳ್ಳುವುದು ಕಮ್ಮಿ.

ಯುಎಂಬಿಸಿಯಲ್ಲಿ ನನ್ನ ಗೆಳೆಯ ಓದುತ್ತಿದ್ದ. ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಒಂದೇ ಹಾಸ್ಟೆಲ್ ರೂಮು. ಒಂದೇ ಬಕೆಟ್ಟು, ಒಂದೇ ಇಸ್ತ್ರಿ ಪೆಟ್ಟಿಗೆ. ಅಮೆರಿಕಕ್ಕೆ ಒಂದೇ ವಾರ ಹೋದೆವು.

ಆ ರಾತ್ರಿ ನಮ್ಮ ಬಾಡಿಗೆ ಮನೆಯಲ್ಲಿ ಆರು ಜನ ಇದ್ದೆವು. ಬಿಸಿಬೇಳೆಬಾತ್ ಕುಕ್ಕರಿನಲ್ಲಿ ರೆಡಿ ಇತ್ತು. ಅರ್ಧ ಆಟಕ್ಕೆ 21-21. ಪರವಾಗಿಲ್ಲ, ಈಗ ಶುರು ಮಾಡ್ತಾರೆ ಅಂದುಕೊಂಡೆವು. ಆಮೇಲೆ ಯುಎಂಬಿಸಿಯ ಜೈರಸ್ ಲೈಲ್ಸ್ ಅನ್ನುವ ಹುಡುಗ ಶುರು ಮಾಡಿದ. ಎಲ್ಲಿಂದ ಎಸೆದರೂ ಬೀಳುತ್ತಿತ್ತು. ಅವನೊಬ್ಬನೇ 28 ಪಾಯಿಂಟ್. 5 ಅಡಿ 8 ಇಂಚಿನ ಕೆ. ಜೆ. ಮೌರಾ ನಮ್ಮ ಎತ್ತರದ ಹುಡುಗರ ಕಾಲಡಿಯಲ್ಲೇ ನುಗ್ಗಿ ಓಡಾಡುತ್ತಿದ್ದ. ದೇಶದಲ್ಲೇ ಗಟ್ಟಿ ಡಿಫೆನ್ಸ್ ಅನ್ನಿಸಿಕೊಂಡ ತಂಡ ನಮ್ಮದು. ಅದರ ಎದುರು ಅವರು ಎರಡನೇ ಅರ್ಧದಲ್ಲಿ 53 ಪಾಯಿಂಟ್ ಹೊಡೆದರು. 74-54. ಇಪ್ಪತ್ತು ಪಾಯಿಂಟ್ ಸೋಲು. ಬಾತ್ ಕುಕ್ಕರಿನಲ್ಲೇ ಆರಿ ಗಟ್ಟಿಯಾಯಿತು. ಯಾರೂ ಮುಚ್ಚಳ ತೆಗೆಯಲಿಲ್ಲ.

ಟಿವಿಯಲ್ಲಿ ನಮ್ಮ ತಂಡದ ಕೈಲ್ ಗೈ ಕಾಣಿಸಿದ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ಅವನ ಹಿಂದೆ ಗೆದ್ದವರು ಕುಣಿಯುತ್ತಿದ್ದರು. ಅಷ್ಟೊತ್ತಿಗೆ ನನ್ನ ಫೋನು ಗುಂಯ್ ಅಂದಿತು. ಗೆಳೆಯನ ಮೆಸೇಜು.

"ಊಟ ಆತೇನ್ಲೇ?"

ಅಷ್ಟೇ. ಸ್ಕೋರಿನ ಮಾತಿಲ್ಲ. ನಗುವ ಮುಖದ ಗುರುತಿಲ್ಲ. ಅವನ ಕಾಲೇಜು ಇತಿಹಾಸ ಬರೆದ ರಾತ್ರಿ, ಅವನ ಸುತ್ತ ಎಲ್ಲರೂ ಕೂಗಾಡುತ್ತಿರುವಾಗ, ಅವನು ಮೂಲೆಗೆ ಹೋಗಿ ನನಗೆ ಊಟ ಆಯ್ತಾ ಅಂತ ಕೇಳಿದ್ದ.

ನಾನು ಬರೆದೆ: "ನಿಮ್ದು ಲಾಟರಿ ಹೊಡೀತು. ಸುಮ್ನೆ ಚೆಸ್ ಆಡ್ಕೊಂಡು ಬಿದ್ದಿರ್ರಿ." ಅದರ ಕೆಳಗೆ ಇನ್ನೂ ಎರಡು ಸಾಲು ಬರೆದೆ. ಅವನು ಸಾಲ ಮಾಡಿ ಸೇರಿದ ಆ ಕಾಲೇಜಿನ ಬಗ್ಗೆ, ಅವನ ಬಗ್ಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಳಿಸಿ ಫೋನ್ ಆಫ್ ಮಾಡಿದೆ.

ಇನ್ನೊಂದು ಕಡೆ ಅದೇ ಹೊತ್ತಿನಲ್ಲಿ ನಮ್ಮ ಕೋಚ್ ಟೋನಿ ಬೆನೆಟ್ ಕೋರ್ಟ್ ಪಕ್ಕ ಮೈಕಿನ ಮುಂದೆ ನಿಂತಿದ್ದರು. ಆಗ ನಾನು ಅದನ್ನು ಸರಿಯಾಗಿ ಕೇಳಲೇ ಇಲ್ಲ. ಆಮೇಲೆ ಎಷ್ಟು ಸಲ ಹಾಕಿ ನೋಡಿದ್ದೇನೋ. ಅವರಿಗೆ ಹೇಳಿಕೊಳ್ಳಲು ಒಂದು ನೆಪ ಇತ್ತು. ಡಿಆಂಡ್ರೆ ಹಂಟರ್ ಎಂಬ ಒಳ್ಳೆ ಆಟಗಾರ ಟೂರ್ನಮೆಂಟಿಗೆ ಮೊದಲೇ ಮಣಿಕಟ್ಟು ಮುರಿದುಕೊಂಡು ಹೊರಗಿದ್ದ. ನಮ್ಮ ಮನೆಯಲ್ಲಿ ಆರೂ ಜನ ಅದನ್ನೇ ಹೇಳುತ್ತಿದ್ದೆವು. ಬೆನೆಟ್ ಅದಕ್ಕೆ ಜೋತು ಬೀಳಲಿಲ್ಲ. ಅವರು ನಮ್ಮನ್ನು ಚೆನ್ನಾಗಿ ಹೊಡೆದರು, ಪಂದ್ಯ ಹತ್ತಿರವೂ ಇರಲಿಲ್ಲ ಅಂದರು. ಒಂದು ವಾರದ ಹಿಂದೆ ನಮ್ಮ ಲೀಗಿನ ಕಪ್ ಎತ್ತಿದ್ದೆವು, ಇವತ್ತು ಹೀಗೆ ಸೋತ ಮೊದಲ ತಂಡ ಆದೆವು, ನೋವಾಗುತ್ತದೆ ಅಂದರು. ಅಖಾಡಕ್ಕೆ ಇಳಿದ ಮೇಲೆ ಇದೂ ಆಗಬಹುದು ಅಂದರು. ಕಣ್ಣು ಕೆಂಪಾಗಿತ್ತು. ಧ್ವನಿ ಎತ್ತರಿಸಲಿಲ್ಲ. ನೋವಿದೆ ಅಂತ ಮುಚ್ಚಿಡಲೂ ಇಲ್ಲ.

ಈ ಕೊನೆಯದು ಮುಖ್ಯ ಅಂತ ನನಗೆ ಅರ್ಥ ಆಗಲು ವರ್ಷಗಳೇ ಬೇಕಾದವು. ನಾವು ಬೆಳೆದದ್ದು ಬೇರೆ ಥರ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಮ್ಮ ಕಾಲೇಜು ತಂಡ ಒಂದು ಪಾಯಿಂಟಿನಿಂದ ಸೋತಿತು. ಸಿಮೆಂಟ್ ಕೋರ್ಟು, ಬಲೆ ಹರಿದ ರಿಂಗು, ಚಾಕ್‌ಪುಡಿಯಲ್ಲಿ ಎಳೆದ ಗೆರೆ. ನಮ್ಮ ಸೀನಿಯರ್ ಒಬ್ಬರು ಕೊನೆಯ ಫ್ರೀ ಥ್ರೋ ತಪ್ಪಿಸಿದರು. ಮ್ಯಾಚ್ ಮುಗಿದ ಮೇಲೆ ಕ್ಯಾಂಟೀನ್ ಹಿಂದೆ ನೀರಿನ ಟ್ಯಾಂಕಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾವು ಹೋಗಿ ಏನು ಹೇಳಿದೆವು ಗೊತ್ತಾ? "ಏನಣ್ಣ ಹೆಂಗಸರ ಥರ ಅಳ್ತೀಯಲ್ಲ, ಸುಮ್ನಿರು." ಸಮಾಧಾನ ಮಾಡಿದೆವು ಅಂತಲೇ ಅಂದುಕೊಂಡಿದ್ದೆವು. ಅವರು ಮುಖ ತೊಳೆದುಕೊಂಡು ಎದ್ದು ಬಂದರು. ಆ ವರ್ಷ ಮತ್ತೆ ಕೋರ್ಟಿಗೆ ಬರಲಿಲ್ಲ.

ಅಳು ಬಂದರೆ ಕ್ರೀಡಾ ಮನೋಭಾವ ಇಲ್ಲ ಅಂತ ಯಾರು ಹೇಳಿಕೊಟ್ಟರೋ ನಮಗೆ.

ಆಡಂ ಮಾರಿಸನ್ ಅನ್ನುವ ಹುಡುಗನ ಕತೆ ಓದಿದಾಗ ನನಗೆ ಆ ನೀರಿನ ಟ್ಯಾಂಕು ನೆನಪಾಗಿತ್ತು. ಗೊಂಜಾಗಾ ತಂಡದವನು. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಟೈಪ್ 1. ಬೆಂಚಿನಲ್ಲಿ ಕೂತು ಇನ್ಸುಲಿನ್ ಚುಚ್ಚಿಕೊಂಡು ಎದ್ದು ಆಡುತ್ತಿದ್ದ. 2005-06ರಲ್ಲಿ ಇಡೀ ದೇಶದಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಪಾಯಿಂಟ್ ಹೊಡೆದವನು ಅವನೇ. 2006ರ ಮಾರ್ಚ್ 23ರಂದು ಓಕ್ಲೆಂಡ್‌ನಲ್ಲಿ ಯುಸಿಎಲ್‌ಎ ಎದುರು ಗೊಂಜಾಗಾ 17 ಪಾಯಿಂಟ್ ಮುಂದಿತ್ತು. ಮೂರೂವರೆ ನಿಮಿಷ ಬಾಕಿ ಇರುವಾಗಲೂ 9 ಪಾಯಿಂಟ್ ಮುಂದೆ. ಅಲ್ಲಿಂದ ಮುಂದೆ ಅವರಿಗೆ ಒಂದೇ ಒಂದು ಪಾಯಿಂಟ್ ಬರಲಿಲ್ಲ. ಯುಸಿಎಲ್‌ಎ ಸತತ 11 ಹೊಡೆದು 73-71ರಲ್ಲಿ ಗೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಹಾಗೆ. ಆಟ ಮುಗಿಯಲು ಇನ್ನೂ ಒಂದೆರಡು ಸೆಕೆಂಡ್ ಇರುವಾಗಲೇ ಮಾರಿಸನ್ ಕಣ್ಣಲ್ಲಿ ನೀರು. ಬಝರ್ ಆದ ಮೇಲೆ ಕೋರ್ಟಿನ ನಡುವೆ ಕುಸಿದು, ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟ.

ವರ್ಷಗಟ್ಟಲೆ ಜನ ಆ ದೃಶ್ಯ ಇಟ್ಟುಕೊಂಡು ಅವನನ್ನು ಆಡಿಕೊಂಡರು. ಆದರೆ ಆ ದೃಶ್ಯವನ್ನು ಇನ್ನೂ ಕೆಲವು ಸೆಕೆಂಡ್ ನೋಡಬೇಕು. ಯುಸಿಎಲ್‌ಎ ಹುಡುಗರು ಕುಣಿದಾಡುತ್ತಿದ್ದಾರೆ. ಅಷ್ಟರಲ್ಲಿ ಆರನ್ ಅಫ್ಲಾಲೊ ಬರುತ್ತಾನೆ. ಈಗ ತಾನೇ ಗೆದ್ದ ತಂಡದವನು. ಮಲಗಿದ್ದವನ ಹತ್ತಿರ ಬಗ್ಗುತ್ತಾನೆ. ತನ್ನ ತಂಡದ ಇನ್ನೊಬ್ಬನ ಜೊತೆ ಸೇರಿ ಕೈ ಹಿಡಿದು ಎಬ್ಬಿಸುತ್ತಾನೆ. ಎದ್ದ ಮಾರಿಸನ್‌ಗೆ ಅಳು ನಿಂತಿಲ್ಲ. ಅಫ್ಲಾಲೊ ಅದನ್ನು ನಿಲ್ಲಿಸು ಅಂತ ಹೇಳುತ್ತಿರುವ ಹಾಗೂ ಕಾಣುವುದಿಲ್ಲ. ತಲೆ ಹತ್ತಿರ ತಂದು ಏನೋ ಹೇಳುತ್ತಾನೆ, ಅಷ್ಟೇ. ಮಾರಿಸನ್‌ಗೆ ಅದೇ ಕೊನೆಯ ಕಾಲೇಜು ಪಂದ್ಯ. ನಾವು ಆ ಸೀನಿಯರ್ ಅಣ್ಣನಿಗೆ ಹೇಳಿದ ಮಾತು ಮತ್ತು ಆ ಹುಡುಗ ನೀಡಿದ ಕೈ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ನಾಚಿಕೆ ಆಗುತ್ತದೆ.

ನನ್ನ ಮಟ್ಟಿಗೆ ಈ ಕ್ರೀಡಾ ಮನೋಭಾವ ಅನ್ನುವುದು ಸೋತವನ ಮೇಲೆ ಮಾತ್ರ ಹೊರಿಸುವ ಹೊರೆ ಅಲ್ಲ. ಸೋತವನು ಹೇಗೆ ನಡೆದುಕೊಂಡ ಅಂತ ಎಲ್ಲರೂ ನೋಡುತ್ತಾರೆ. ಅವನ ಕಡೆ ಯಾರು ನಡೆದುಕೊಂಡು ಹೋದರು ಅಂತ ನೋಡುವವರು ಕಮ್ಮಿ. ಆ ಹತ್ತು ನಿಮಿಷದಲ್ಲಿ ಅವನೊಬ್ಬನೇ ಇದ್ದರೆ ಸಂಕಟ ಸಿಟ್ಟಾಗುತ್ತದೆ. ಪಕ್ಕದಲ್ಲಿ ಒಬ್ಬರಿದ್ದರೆ ಅದು ಬರೀ ಅಳುವಾಗಿ ಹರಿದುಹೋಗುತ್ತದೆ.

ಜಾನ್ ಥಾಂಪ್ಸನ್ ಅದನ್ನು 1982ರಲ್ಲೇ ಮಾಡಿ ತೋರಿಸಿದ್ದರು. ಅವರು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ತಂಡದ ಕೋಚ್. 6 ಅಡಿ 10 ಇಂಚು ಎತ್ತರ, ಭುಜದ ಮೇಲೆ ಯಾವಾಗಲೂ ಒಂದು ಬಿಳಿ ಟವೆಲು. ನೋಡಿದರೆ ಭಯ ಆಗುವಂಥ ಆಳು. ಮಾರ್ಚ್ 29, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ಫೈನಲ್. ಎದುರಾಳಿ ನಾರ್ತ್ ಕ್ಯಾರೊಲೈನಾ. ಆ ತಂಡದಲ್ಲಿ ಮೊದಲ ವರ್ಷದ ಹುಡುಗನೊಬ್ಬ ಇದ್ದ, ಮೈಕೆಲ್ ಜೋರ್ಡನ್. ಅವನು ಕೊನೆಯ ಸೆಕೆಂಡುಗಳಲ್ಲಿ ಎಡಗಡೆಯಿಂದ ಎಸೆದ ಚೆಂಡು ಬಿತ್ತು. 63-62. ಜಾರ್ಜ್‌ಟೌನ್‌ಗೆ ಇನ್ನೂ ಒಂದು ಅವಕಾಶ ಇತ್ತು. ಚೆಂಡು ಫ್ರೆಡ್ ಬ್ರೌನ್ ಕೈಯಲ್ಲಿ. ಪಕ್ಕದಲ್ಲಿ ತನ್ನವನೇ ಇದ್ದಾನೆ ಅಂದುಕೊಂಡು ಬ್ರೌನ್ ಪಾಸ್ ಕೊಟ್ಟ. ಅದು ಹೋಗಿದ್ದು ಎದುರಾಳಿ ಜೇಮ್ಸ್ ವರ್ದಿ ಕೈಗೆ. ನೇರವಾಗಿ, ಕೈಗೆ ಕೈ ಕೊಟ್ಟ ಹಾಗೆ.

ಇಡೀ ದೇಶ ನೋಡುತ್ತಿದೆ. ಹುಡುಗ ನಿಂತಲ್ಲೇ ನಿಂತಿದ್ದಾನೆ. ಆಗ ಆ ದೈತ್ಯ ದೇಹದ ಕೋಚ್ ಬಂದು ಅವನನ್ನು ಎದೆಗೆ ಅವಚಿಕೊಂಡರು. ಬೈಯಲಿಲ್ಲ, ಭುಜ ತಟ್ಟಿ ಮುಂದೆ ಹೋಗಲೂ ಇಲ್ಲ. ಅವಚಿಕೊಂಡು ನಿಂತರು. ಮಕ್ಕಳು ಹಬ್ಬದ ದಿನ ಹಾಲಿನ ಪಾತ್ರೆ ಉರುಳಿಸಿ ಹೆದರಿ ನಿಂತಾಗ ಮನೆಯ ಹಿರಿಯರು ಯಾರೋ ಒಬ್ಬರು ಬಂದು ಸೆರಗಿನೊಳಗೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಎರಡು ವರ್ಷ ಆದ ಮೇಲೆ, 1984ರಲ್ಲಿ, ಜಾರ್ಜ್‌ಟೌನ್ ಹೂಸ್ಟನ್ ತಂಡವನ್ನು 84-75ರಲ್ಲಿ ಸೋಲಿಸಿ ಚಾಂಪಿಯನ್ ಆಯಿತು. ಆ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಕೋಚ್ ಥಾಂಪ್ಸನ್. ಬ್ರೌನ್ ಇನ್ನೂ ತಂಡದಲ್ಲಿದ್ದ. ಅವತ್ತೂ ಇಬ್ಬರೂ ತಬ್ಬಿಕೊಂಡರು. ಎರಡು ಫೋಟೋ ಇವೆ. ಜನ ಎರಡನೆಯದನ್ನು ನೋಡಿ ಕತೆ ಸುಖಾಂತ್ಯ ಆಯಿತು ಅನ್ನುತ್ತಾರೆ. ನನಗೆ ಮೊದಲನೆಯದೇ ಸಾಕು. 1984ರಲ್ಲಿ ಸೋತಿದ್ದರೂ ಆ ಮೊದಲ ಅಪ್ಪುಗೆಯ ತೂಕ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗುತ್ತಿರಲಿಲ್ಲ.

ಅದೇ ಸೂಪರ್‌ಡೋಮ್, ಅದೇ ನಾರ್ತ್ ಕ್ಯಾರೊಲೈನಾ, 1993ರ ಏಪ್ರಿಲ್ 5. ಮಿಷಿಗನ್ನಿನ ಕ್ರಿಸ್ ವೆಬರ್ 11 ಸೆಕೆಂಡ್ ಬಾಕಿ ಇರುವಾಗ ಟೈಮ್‌ಔಟ್, ಅಂದ್ರೆ ಆಟಕ್ಕೆ ಸ್ವಲ್ಪ ಬಿಡುವು, ಕೇಳಿದ. ತಂಡಕ್ಕೆ ಟೈಮ್‌ಔಟ್ ಉಳಿದೇ ಇರಲಿಲ್ಲ. ಅದು ಟೆಕ್ನಿಕಲ್ ಫೌಲ್, ಅಂದ್ರೆ ಎದುರಾಳಿಗೆ ಫ್ರೀ ಥ್ರೋ ಸಿಗುವ ತಪ್ಪು. 77-71ರಲ್ಲಿ ಸೋಲು. ಅವತ್ತು ಅವನ ಜೊತೆ ಆಡಿದ್ದ ಜುವಾನ್ ಹೊವರ್ಡ್ ಮುಂದೆ ಅದೇ ಮಿಷಿಗನ್ನಿಗೆ ಕೋಚ್ ಆದರು. 2022ರ ಫೆಬ್ರವರಿ 20ರಂದು ವಿಸ್ಕಾನ್ಸಿನ್ ಎದುರು 77-63ರಲ್ಲಿ ಸೋತರು. ಗೆದ್ದವರ ಕೋಚ್ ಕೊನೆಯ ಸೆಕೆಂಡುಗಳಲ್ಲಿ ಟೈಮ್‌ಔಟ್ ತೆಗೆದುಕೊಂಡಿದ್ದು ಅವರಿಗೆ ಕೆಣಕಿದ ಹಾಗೆ ಆಯಿತು. ಕೈಕುಲುಕುವ ಸಾಲಿನಲ್ಲಿ ಮಾತಿಗೆ ಮಾತು ಬೆಳೆದು, ಹೊವರ್ಡ್ ಎದುರು ತಂಡದ ಸಹಾಯಕ ಕೋಚ್ ಮುಖಕ್ಕೆ ಕೈ ಬೀಸಿದರು. ಐದು ಪಂದ್ಯ ಅಮಾನತು, 40,000 ಡಾಲರ್ ದಂಡ. ಆಮೇಲೆ ಕ್ಷಮೆ ಕೇಳಿದರು. ಅವರನ್ನು ಸಮರ್ಥಿಸುವುದು ನನ್ನ ಕೈಲಿ ಆಗುವುದಿಲ್ಲ. ಸೋಲು ಹೇಗಿರುತ್ತದೆ ಅಂತ ಅಷ್ಟು ಹತ್ತಿರದಿಂದ ಕಂಡವರು ಅವರು. ಆದರೂ ಆ ಕ್ಷಣದಲ್ಲಿ ಕೈ ಮುಂದಾಯಿತು. ನನ್ನ ಕೈಯೂ ಫೋನಿನ ಮೇಲೆ ಹಾಗೇ ಓಡಿತ್ತು. ಹಾಗಾಗಿ ಅವರ ಮೇಲೆ ಕಲ್ಲು ಎಸೆಯುವ ಯೋಗ್ಯತೆ ನನಗಿಲ್ಲ.

ಆ ಘಟನೆ ಆದ ಮೇಲೆ ಕೈಕುಲುಕುವ ಸಾಲನ್ನೇ ತೆಗೆದುಹಾಕಿ ಅಂತ ಕೆಲವರು ಹೇಳಿದರು. ನನಗೆ ಅದು ಸ್ವಲ್ಪವೂ ಒಪ್ಪಿಗೆ ಇಲ್ಲ. ಮ್ಯಾಚ್ ಮುಗಿದ ಮೇಲೆ ಟಿವಿ ಆಫ್ ಮಾಡದೆ ಆ ಸಾಲನ್ನು ಒಮ್ಮೆ ನೋಡಿ. ಸೋತ ಹುಡುಗ ಜೆರ್ಸಿ ಕಾಲರನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತಾನೆ. ಕೈ ಮುಂದೆ ಚಾಚಿರುತ್ತಾನೆ, ಕಣ್ಣು ನೆಲದ ಮೇಲೆ. ಒಂದು, ಎರಡು, ಮೂರು ಕೈ. ಬೆರಳು ತಾಗಿತೋ ಇಲ್ಲವೋ ಅನ್ನುವಷ್ಟೇ. ಎಂಟನೆಯವನೋ ಒಂಬತ್ತನೆಯವನೋ ಕೈ ಬಿಡುವುದಿಲ್ಲ. ಹಿಡಿದು ನಿಲ್ಲಿಸುತ್ತಾನೆ. ಅರ್ಧ ಸೆಕೆಂಡ್ ಸಾಲು ನಿಂತುಹೋಗುತ್ತದೆ. ಸೋತವನು ತಲೆ ಎತ್ತುತ್ತಾನೆ. ಮತ್ತೆ ಸಾಲು ಹೊರಡುತ್ತದೆ. ಆ ಅರ್ಧ ಸೆಕೆಂಡಿಗೋಸ್ಕರ ಆ ಸಾಲು ಇರಬೇಕು. ಮನಸ್ಸಿಲ್ಲದಿದ್ದರೂ ಕೈ ಚಾಚಬೇಕು. ಮನಸ್ಸು ಆಮೇಲೆ ಬಂದರೂ ಬರಬಹುದು.

2018ಕ್ಕೆ ವಾಪಸ್ ಬರುತ್ತೇನೆ. ಆ ಸೋಲಿನ ನಂತರ ಕೊಲೆ ಬೆದರಿಕೆಗಳು ಬಂದಿದ್ದವು ಅಂತ ಕೈಲ್ ಗೈ ಆಮೇಲೆ ಹೇಳಿಕೊಂಡ. ತನಗೆ ಆತಂಕದ ತೊಂದರೆ ಇದೆ ಅಂತಲೂ ಬಿಚ್ಚಿ ಬರೆದ. ಬಗ್ಗಿ ನಿಂತಿದ್ದ ತನ್ನ ಆ ಫೋಟೋವನ್ನೇ ಫೋನಿನ ವಾಲ್‌ಪೇಪರ್ ಮಾಡಿಕೊಂಡ. ಆಗಿನ್ನೂ ಇಪ್ಪತ್ತರ ಹುಡುಗ. ಅವನು ಬರೆದಿದ್ದನ್ನು ಓದುವಾಗ ನನ್ನ ಎದೆ ಧಸಕ್ಕೆಂದಿತು. ಬೆದರಿಕೆ ಹಾಕಿದವರು ರಾಕ್ಷಸರೇನೂ ಆಗಿರಲಿಕ್ಕಿಲ್ಲ. ಅವರೂ ನನ್ನ ಹಾಗೆ ಯಾವುದೋ ಸೋಫಾ ಮೇಲೆ ಕೂತು, "ನಮ್ಮ ತಂಡ" ಅಂದುಕೊಂಡು, ಊಟ ಬಿಟ್ಟು ಕೂತವರೇ. ಅವರಿಗೂ ನನಗೂ ಇದ್ದ ಅಂತರ ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ.

ಮುಂದಿನ ವರ್ಷದ ಕತೆ ಎಲ್ಲರೂ ಹೇಳುತ್ತಾರೆ. ಅದೇ ವರ್ಜೀನಿಯಾ 2019ರಲ್ಲಿ ಚಾಂಪಿಯನ್ ಆಯಿತು. ಮಣಿಕಟ್ಟು ಮುರಿದುಕೊಂಡಿದ್ದ ಹಂಟರ್ ಫೈನಲಿನಲ್ಲಿ 27 ಪಾಯಿಂಟ್ ಹೊಡೆದ. ಟೆಕ್ಸಸ್ ಟೆಕ್ ಎದುರು ಓವರ್‌ಟೈಮ್‌ನಲ್ಲಿ 85-77. ನಾನೂ ಬೀದಿಯಲ್ಲಿ ಕುಣಿದೆ, ಸುಳ್ಳು ಹೇಳುವುದಿಲ್ಲ. ಆದರೆ ಡೆವನ್ ಹಾಲ್ ಮತ್ತು ಐಸಾಯಾ ವಿಲ್ಕಿನ್ಸ್ ಆ ರಾತ್ರಿ ತಂಡದಲ್ಲಿ ಇರಲಿಲ್ಲ. ಅವರಿಬ್ಬರಿಗೂ 2018 ಕೊನೆಯ ವರ್ಷ. ವಿಲ್ಕಿನ್ಸ್ ಆ ಸಲ ನಮ್ಮ ತಂಡ ಆಡುವ ಎಸಿಸಿ ಲೀಗಿನಲ್ಲೇ ಶ್ರೇಷ್ಠ ಡಿಫೆನ್ಸ್ ಆಟಗಾರ ಅನ್ನಿಸಿಕೊಂಡಿದ್ದ. ಅವರ ಕಾಲೇಜು ಆಟ ಮುಗಿದಿದ್ದು 74-54ರಲ್ಲಿ. ಅವರಿಗೆ ಮುಂದಿನ ವರ್ಷ ಅನ್ನುವುದಿರಲಿಲ್ಲ. ಸೋಲು ಒಳ್ಳೆಯದಕ್ಕೇ ಆಯಿತು ಅಂತ ಯಾರಾದರೂ ಹೇಳಿದಾಗ ನನಗೆ ಈ ಇಬ್ಬರ ನೆನಪಾಗಿ ಕಸಿವಿಸಿ ಆಗುತ್ತದೆ. ಆ ಮಾತು ಗೆದ್ದವರಿಗೆ ಮಾತ್ರ ಹೇಳಲು ಬರುವ ಮಾತು.

2019ರಲ್ಲಿ ನನ್ನನ್ನು ಬದಲಿಸಿದ್ದು ಫೈನಲ್ ಅಲ್ಲ. ಅದಕ್ಕೆ ಎರಡು ದಿನ ಮೊದಲು, ಏಪ್ರಿಲ್ 6ರ ಸೆಮಿಫೈನಲ್. ಎದುರಾಳಿ ಆಬರ್ನ್. ಕೊನೆಯಲ್ಲಿ ಅವರು 62-60ರಲ್ಲಿ ಮುಂದಿದ್ದರು. ನಮ್ಮ ಟೈ ಜೆರೋಮ್ ಡ್ರಿಬಲ್ ಮಾಡುವಾಗ ಚೆಂಡು ಜಾರಿತು, ಮತ್ತೆ ಹಿಡಿದು ಡ್ರಿಬಲ್ ಶುರು ಮಾಡಿದ. ಡಬಲ್ ಡ್ರಿಬಲ್. ಅದು ನಿಯಮದ ಪ್ರಕಾರ ತಪ್ಪು, ಚೆಂಡು ಎದುರಾಳಿಗೆ ಹೋಗಬೇಕಿತ್ತು. ರೆಫರಿ ಕರೆಯಲಿಲ್ಲ. ಆಮೇಲೆ ಮೂಲೆಯಿಂದ ಕೈಲ್ ಗೈ ಮೂರು ಪಾಯಿಂಟಿನ ಶಾಟ್ ಎಸೆದ, ಬೀಳಲಿಲ್ಲ. ಆದರೆ ಆಬರ್ನ್‌ನ ಸಮೀರ್ ಡೌಟಿ ಫೌಲ್ ಮಾಡಿದ್ದಾನೆ ಅಂತ ಸೀಟಿ. ಬಾಕಿ ಇದ್ದದ್ದು 0.6 ಸೆಕೆಂಡ್. ಗೈ ಮೂರೂ ಫ್ರೀ ಥ್ರೋ ಹಾಕಿದ. 63-62. ನಾವು ಗೆದ್ದೆವು.

ಡಬಲ್ ಡ್ರಿಬಲ್ ಆಗಿದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತ್ತು. ನನಗೂ ಕಂಡಿತ್ತು. ಆಬರ್ನ್ ಕೋಚ್ ಬ್ರೂಸ್ ಪರ್ಲ್ ಪ್ರೆಸ್ ಮೀಟಿಗೆ ಬಂದಾಗ ನಾನು ಉಸಿರು ಬಿಗಿ ಹಿಡಿದು ನೋಡಿದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮೈಕು ಕಿತ್ತು ಎಸೆಯುತ್ತಿದ್ದೆ. ಅವರು ಹೇಳಿದ್ದೇ ಬೇರೆ. ಒಂದು ಪಂದ್ಯದಲ್ಲಿ ಎಷ್ಟೋ ತೀರ್ಮಾನಗಳು ಇರುತ್ತವೆ, ಕೆಲವು ನಮ್ಮ ಕಡೆ, ಕೆಲವು ಅವರ ಕಡೆ. ಈ ಪಂದ್ಯವನ್ನು ಆ ಒಂದು ಸೀಟಿಯಿಂದ ನೆನಪಿಟ್ಟುಕೊಳ್ಳಬೇಡಿ, ನನ್ನ ಹುಡುಗರು ಸೋಲನ್ನು ಹೇಗೆ ತೆಗೆದುಕೊಂಡರು ನೋಡಿ ಅಂದರು. ಮೋಸ ಆಯಿತು ಅನ್ನಲು ಎಲ್ಲ ಕಾರಣವೂ ಇದ್ದ ಮನುಷ್ಯ ಹಾಗೆ ಅಂದರು. ನನಗಾದರೋ ಹಿಂದಿನ ವರ್ಷ ಒಂದು ಕಾರಣವೂ ಇರಲಿಲ್ಲ. 20 ಪಾಯಿಂಟಿನ ಸೋಲಿಗೆ ರೆಫರಿಯ ಮೇಲೆ ಹಾಕಲು ಏನಿರುತ್ತದೆ?

ಅವತ್ತು ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಒಂದು ವರ್ಷದ ಮೇಲೆ. ಮಧ್ಯೆ ಮಾತಾಡಿದ್ದೆವು, ಹುಟ್ಟುಹಬ್ಬ, ಕೆಲಸ, ವೀಸಾ ಅಂತ. ಆ ಮೆಸೇಜಿನ ಮಾತು ಇಬ್ಬರೂ ಎತ್ತಿರಲಿಲ್ಲ. ನಾನೇ ಎತ್ತಿದೆ. ತಪ್ಪಾಯ್ತು ಕಣೋ ಅಂದೆ. ಮರೆತೇಬಿಟ್ಟಿದ್ದೆ ಬಿಡು ಅನ್ನುತ್ತಾನೆ ಅಂತ ನಿರೀಕ್ಷೆ ಇತ್ತು ನನಗೆ. ಅವನು ಹಾಗೆ ಅನ್ನಲಿಲ್ಲ.

"ನೆನಪೈತೆ," ಅಂದ. "ಬೇಜಾರಾಗಿತ್ತು."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

"ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಭಾನುವಾರ. ನಾವು ಸೋತ ರಾತ್ರಿ ನೀನು ಫೋನ್ ಮಾಡ್ತೀಯ ಅಂತ ಕಾಯ್ತಾ ಇದ್ದೆ."

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮನ್ನು ಸೋಲಿಸಿದ ಎರಡೇ ದಿನಕ್ಕೆ ಯುಎಂಬಿಸಿ ಕ್ಯಾನ್ಸಸ್ ಸ್ಟೇಟ್ ಎದುರು ಸೋತಿತ್ತು. 50-43. ಇಡೀ ದೇಶ ಎತ್ತಿ ಆಡಿಸಿದ ಹುಡುಗರು ನಲವತ್ತೆಂಟು ಗಂಟೆಯಲ್ಲಿ ಅದೇ ಟವೆಲು ಮುಖಕ್ಕೆ ಒತ್ತಿಕೊಂಡು ಕೂತಿದ್ದರು. ನಾನು ಆ ಮ್ಯಾಚ್ ನೋಡಿದ್ದೆ. ಅವರು ಸೋತಾಗ ನನಗೆ ಖುಷಿ ಆಗಿತ್ತು. ಅದನ್ನೂ ಅವನಿಗೆ ಹೇಳಿದೆ. ಹೇಳುವುದು ಸುಲಭ ಇರಲಿಲ್ಲ.

"ಗೊತ್ತಿತ್ತು," ಅಂದ. ಆಮೇಲೆ, "ಲೈಲ್ಸ್ ಅವತ್ತೂ ಎಷ್ಟು ಕಷ್ಟಪಟ್ಟ ನೋಡಿದ್ಯಾ?" ಅಂತ ಕೇಳಿದ. ನೋಡಿದ್ದೆ ಅಂದೆ. ಒಂದು ಗಂಟೆ ಆ ಮ್ಯಾಚಿನ ಬಗ್ಗೆ ಮಾತಾಡಿದೆವು. ಒಂದು ವರ್ಷ ತಡವಾಗಿ.

ಈಗ ಅವನು ದಾವಣಗೆರೆಗೆ ವಾಪಸ್ ಹೋಗಿದ್ದಾನೆ. ನಾನು ಇನ್ನೂ ವರ್ಜೀನಿಯಾದಲ್ಲೇ ಇದ್ದೇನೆ. 2024ರ ಅಕ್ಟೋಬರಿನಲ್ಲಿ, ಸೀಸನ್ ಶುರುವಾಗಲು ಕೆಲವೇ ವಾರ ಇರುವಾಗ, ಟೋನಿ ಬೆನೆಟ್ ನಿವೃತ್ತಿ ತೆಗೆದುಕೊಂಡರು. 2025ರ ಮಾರ್ಚ್‌ನಲ್ಲಿ ಹೊಸ ಕೋಚ್ ಯಾರು ಅಂತ ಸುದ್ದಿ ಬಂತು. ರಯಾನ್ ಓಡಮ್. ಅವತ್ತು ಷಾರ್ಲಟ್‌ನಲ್ಲಿ ಯುಎಂಬಿಸಿ ಬೆಂಚಿನಲ್ಲಿದ್ದು ನಮ್ಮನ್ನು ಸೋಲಿಸಿದವರು ಅವರೇ. ಅವರ ಅಪ್ಪ ಡೇವ್ ಓಡಮ್ 1980ರ ದಶಕದಲ್ಲಿ ಇದೇ ವರ್ಜೀನಿಯಾದಲ್ಲಿ ಸಹಾಯಕ ಕೋಚ್ ಆಗಿದ್ದರು. ಅಂದ್ರೆ ಮಗ ಬಾಲ್ಯದ ಊರಿಗೇ ವಾಪಸ್ ಬಂದ ಹಾಗಾಯಿತು.

ಸುದ್ದಿ ಓದಿ ಮುಗಿಸುವಷ್ಟರಲ್ಲಿ ಫೋನು ಗುಂಯ್ ಅಂದಿತು. ದಾವಣಗೆರೆಯಲ್ಲಿ ಅದು ಯಾವ ಹೊತ್ತು ಅಂತ ಲೆಕ್ಕ ಹಾಕಿದೆ. ನಡುರಾತ್ರಿ ದಾಟಿತ್ತು.

"ನಮ್ ಕೋಚು ನಿಮ್ಮನೆಗೆ ಬಂದಾನೆ. ಚೆನ್ನಾಗಿ ನೋಡ್ಕಳ್ರಿ."

ನಾನು ಬರೆದೆ: "ನೋಡ್ಕಂತೀವಿ. ನಿಂದು ಊಟ ಆತೇನ್ಲೇ?"